ಅಟ್ಟದ ಮೇಲಿನ ಆಟ

ಲೋಕದಲ್ಲಿ ಹಳೆಯ ಗ್ರಂಥಗಳು ಉಳಿದು ಬಂದಿರುವುದು ಪಂಡಿತರ ಎಚ್ಚರದಿಂದ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಚರಿತ್ರೆಯನ್ನು ಸ್ವಲ್ಪ ನಿಧಾನಿಸಿ ನೋಡಿದರೆ ಸಂಗತಿಯು ಬೇರೆಯಾಗಿ ಕಾಣುವುದು. ಕೌಟಿಲ್ಯನ ಅರ್ಥಶಾಸ್ತ್ರವು ಹೆಸರಿನಿಂದ ಮಾತ್ರ ಪ್ರಸಿದ್ಧವಾಗಿದ್ದು, ಮೂಲಗ್ರಂಥವು ನಷ್ಟವಾಯಿತೆಂದು ವಿದ್ವಾಂಸರು ಎಣಿಸಿದ್ದ ಕಾಲದಲ್ಲಿ, ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ತಂದು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಅದು ಏನೆಂಬುದನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿದರು. ೧೯೦೯ರಲ್ಲಿ ಅದು ಮುದ್ರಿತವಾಯಿತು. ಅಲ್ಪಕಾಲದಲ್ಲೇ ತಿರುವಾಂಕೂರು ಸಂಸ್ಥಾನದಲ್ಲಿ ಟಿ. ಗಣಪತಿಶಾಸ್ತ್ರಿಗಳಿಗೆ ಭಾಸನವೆಂದು ಹೇಳಲಾಗುವ ನಾಟಕಗಳು ದೊರೆತು, ೧೯೧೨ರಿಂದ ಅಚ್ಚಾಗತೊಡಗಿದುವು. ಗುರುತಿಸಿದ ಶಾಸ್ತ್ರಿಗಳಿಗೆ ಸಲ್ಲತಕ್ಕ ಕೀರ್ತಿಯು ಸಂದಿರುವುದು, ಸಲ್ಲಲೇಬೇಕು. ಆದರೆ ಅವರ ಕೈ ಸೇರುವವರೆಗೂ ಆ ಓಲೆಗಳನ್ನು ಎಸೆಯದೆ, ಒಲೆಗೆ ಹಾಕದೆ ಇಟ್ಟುಕೊಂಡಿದ್ದ ಮನೆಮಠಗಳ ಹೆಸರನ್ನು ಯಾರು ಬಲ್ಲರು?

ಈ ಪೀಠಿಕೆಯನ್ನು ಓದಿ, ನಾವು ತಾಳೆಯೋಲೆಗಳ ವಿಚಾರವನ್ನು ಹೇಳಹೊರಟೆವೆಂದು ವಾಚಕರು ತಿಳಿಯಬಾರದು. ಹೇಳಹೊರಟಿರುವುದು ಹಳೆಯ ಕಂಪ್ಯೂಟರುಗಳ ಹೊಟ್ಟೆಯಲ್ಲಿ ಸಿಕ್ಕುವ ಮಕ್ಕಳ ಆಟಗಳ ವಿಚಾರ. ಅದರಲ್ಲಿಯೂ ಮಿಠಾಯಿ, ಆಟಿಕೆ, ಬೆಳಗಿನ ತಿಂಡಿ ಮೊದಲಾದುವನ್ನು ಮಾರುವುದಕ್ಕಾಗಿ ಕಂಪೆನಿಗಳು ಮಾಡಿಸಿ ಇಂಟರ್‌ನೆಟ್ಟಿನಲ್ಲಿ ಹಂಚಿದ ಜಾಹೀರಾತಿನ ಆಟಗಳ ವಿಚಾರ. ೩೩ ವರ್ಷ ಹುಡುಗರಿಂದ ಶಬ್ದರೂಪಾವಳಿಯನ್ನು ಬಾಯಿಪಾಠ ಮಾಡಿಸಿ, ಕಳೆದ ವರ್ಷ ನಿವೃತ್ತರಾದ ಸಂಸ್ಕೃತದ ಮೇಷ್ಟರಿಗೂ ಇದಕ್ಕೂ ಏನು ನಂಟು ಎಂದು ಕೇಳಬಹುದು. ನಂಟು ನಮ್ಮ ಮನೆಯೊಳಗಿನಿಂದಲೇ ಬಂದಿತು. ಅದನ್ನು ಮುಂದೆ ಹೇಳುವೆವು. ಮೊದಲು ಆ ಆಟಗಳೆಂದರೆ ಏನೆಂಬುದನ್ನು ಅರಿಯದ ಹಿರಿಯರಿಗಾಗಿ ನಾಲ್ಕು ಮಾತು.

೧೯೯೬ರಲ್ಲಿ ಅಮೆರಿಕದ ಒಂದು ಸಣ್ಣ ಕಂಪೆನಿಯು ಚಿತ್ರಗಳನ್ನು ಚಲಿಸುವಂತೆ ಮಾಡುವ ಫ್ಯೂಚರ್‌ಸ್ಪ್ಲಾಶ್ ಎಂಬ ಸಾಧನವನ್ನು ಹೊರತಂದಿತು. ಅದನ್ನು ಮ್ಯಾಕ್ರೋಮೀಡಿಯಾ ಎಂಬ ದೊಡ್ಡ ಕಂಪೆನಿಯು ಕೊಂಡು ಫ್ಲ್ಯಾಶ್ ಎಂದು ಹೆಸರಿಟ್ಟಿತು. ಅದೇ ಕಂಪೆನಿಯಲ್ಲಿ ಶಾಕ್‌ವೇವ್ ಎಂಬ ಇನ್ನೊಂದು ಸಾಧನವೂ ಇದ್ದಿತು. ಇವೆರಡರ ಬಲದಿಂದ, ಟೆಲಿಫೋನ್ ತಂತಿಯ ನಿಧಾನವಾದ ಸಂಪರ್ಕದಲ್ಲಿಯೂ ಇಳಿಸಿಕೊಳ್ಳಬಹುದಾದ ಪುಟ್ಟ ಆಟಗಳನ್ನು ಕಟ್ಟುವುದು ಸಾಧ್ಯವಾಯಿತು. ಬ್ರೌಸರಿನ ಕಿಟಕಿಯಲ್ಲಿಯೇ ಆಟ. ಕೊಳ್ಳುವುದೂ ಇಲ್ಲ, ಕಂಪ್ಯೂಟರಿನಲ್ಲಿ ಸ್ಥಾಪಿಸುವುದೂ ಇಲ್ಲ. ವ್ಯಾಪಾರಿಗಳು ಇದನ್ನು ಬೇಗ ಕಂಡುಕೊಂಡರು. ಲೈಫ್ ಸೇವರ್ಸ್ ಎಂಬ ಮಿಠಾಯಿಯನ್ನು ಮಾಡುವವರು ೧೯೯೭ರಲ್ಲಿ ಕ್ಯಾಂಡಿಸ್ಟ್ಯಾಂಡ್ ಎಂಬ ತಾಣವನ್ನೇ ತೆರೆದು ಆಟಗಳನ್ನು ಬಿಟ್ಟಿಯಾಗಿ ಆಡಗೊಟ್ಟರು. ಜನರಲ್ ಮಿಲ್ಸ್ ಎಂಬ ತಿಂಡಿಯ ಕಂಪೆನಿಯು ೨೦೦೪ರಲ್ಲಿ ಮಿಲ್ಸ್‌ಬೆರಿ ಎಂಬ ಕಲ್ಪನೆಯ ಊರನ್ನು ಕಟ್ಟಿಸಿ, ಮಕ್ಕಳು ಅಲ್ಲಿ ಮನೆಮಾಡಿಕೊಂಡು ಆಡುವಂತೆ ಏರ್ಪಡಿಸಿತು. ೨೦೧೦ರಲ್ಲಿ ಆ ಊರನ್ನು ಮುಚ್ಚಿಬಿಟ್ಟಿತು. ಡೆನ್ಮಾರ್ಕಿನ ಲೆಗೋ ಕಂಪೆನಿಯವರು ೨೦೦೧ರಲ್ಲಿ ಬಯೋನಿಕಲ್ ಎಂಬ ಹೊಸ ಆಟಿಕೆಗಳನ್ನು ಮಾರುಕಟ್ಟೆಗೆ ತಂದಾಗ, ಟೆಂಪ್ಲರ್ ಸ್ಟುಡಿಯೋಸ್ ಎಂಬ ಶಿಲ್ಪಶಾಲೆಯಿಂದ ಒಂದು ಆಟವನ್ನು ಮಾಡಿಸಿದರು. ಮಾತಾ ನುಯಿ ಎಂಬ ದ್ವೀಪದಲ್ಲಿ ಅಲೆದು, ಊರೂರಿನ ಜನರೊಡನೆ ಮಾತನಾಡಿ, ಕಥೆಯನ್ನು ತಾನೇ ಬಿಡಿಸಿಕೊಳ್ಳತಕ್ಕ ಆಟ ಅದು. ಆ ವರ್ಷವೆಲ್ಲ ನಮ್ಮ ಮಾಸಪತ್ರಿಕೆಗಳ ಧಾರಾವಾಹಿಗಳಂತೆ ಕಂತುಕಂತಾಗಿ ಹೊರಬಂದಿತು. ಆಟಿಕೆಯನ್ನು ಮಾರಲು ಹುಟ್ಟಿದ ಆಟವು ಅನೇಕ ಮಕ್ಕಳಿಗೆ ಆಟಿಕೆಗಿಂತ ಹೆಚ್ಚು ನೆನಪಿನಲ್ಲಿ ನಿಂತಿತು.

ಇಂಥ ಆಟಗಳಿಗೆ ಆಯುಸ್ಸು ಕಡಮೆ. ಜಾಹೀರಾತಿನ ಋತು ಮುಗಿದೊಡನೆ ಅವುಗಳನ್ನು ತಾಣದಿಂದ ತೆಗೆಯುವರು. ಜಾತ್ರೆ ಮುಗಿದ ಮೇಲೆ ಚಪ್ಪರವನ್ನು ಬಿಚ್ಚುವಂತೆ. ಮಾಡಿಸಿದ ಕಂಪೆನಿಯು ಅವನ್ನು ಕೃತಿಯೆಂದು ಎಣಿಸಲಿಲ್ಲ, ಖರ್ಚೆಂದು ಎಣಿಸಿತು. ಅದಲ್ಲದೆ ಆಟವು ನಡೆಯಲು ಬೇಕಾದ ಯಂತ್ರಭಾಷೆಯೂ ಕಾಲವಶವಾಯಿತು. ೨೦೦೫ರಲ್ಲಿ ಮ್ಯಾಕ್ರೋಮೀಡಿಯಾವನ್ನು ಕೊಂಡಿದ್ದ ಅಡೋಬಿ ಕಂಪೆನಿಯು ಶಾಕ್‌ವೇವನ್ನು ೨೦೧೯ರ ಏಪ್ರಿಲ್ ತಿಂಗಳಲ್ಲಿ ನಿಲ್ಲಿಸಿತು. ಫ್ಲ್ಯಾಶನ್ನು ೨೦೨೦ರ ಡಿಸೆಂಬರ್ ೩೧ರಂದು ಕೈಬಿಟ್ಟು, ೨೦೨೧ರ ಜನವರಿ ೧೨ರಿಂದ ಅದರ ಆಟಗಳು ನಡೆಯದಂತೆ ತಡೆದುಬಿಟ್ಟಿತು. ಲಿಪಿಯನ್ನು ಓದಬಲ್ಲವರೆಲ್ಲ ಒಂದೇ ದಿನ ಊರು ಬಿಟ್ಟು ಹೋದಂತೆ ಆಯಿತು.

ಇಂಟರ್‌ನೆಟ್ಟಿನ ಹಳೆಯ ಪುಟಗಳನ್ನು ನಕಲುಮಾಡಿ ಇಡುವ ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆಯು ೧೯೯೬ರಿಂದ ಇದೆಯಲ್ಲಾ, ಅಲ್ಲಿ ಇವು ಸಿಕ್ಕವೇ ಎಂದು ಬಲ್ಲವರು ಕೇಳುವರು. ಕೆಲವು ಸಿಕ್ಕುವುವು. ಆದರೆ ಆ ಸಂಸ್ಥೆಯ ನಕಲುಯಂತ್ರವು ಒಂದು ಪುಟದಲ್ಲಿ ಬರೆದಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ ಹೋಗತಕ್ಕದ್ದು. ಆಟದ ಎರಡನೆಯ ಹಂತ, ಮೂರನೆಯ ಹಂತ ಎಲ್ಲಿರುವುವೆಂಬುದು ಪುಟದಲ್ಲಿ ಬರೆದಿರುವುದಿಲ್ಲ. ಆಟದ ಒಳಗೆ ಅಡಗಿರುವುದು. ಆಡುವವನು ಮೊದಲನೆಯ ಹಂತವನ್ನು ಗೆದ್ದಾಗ ಮಾತ್ರ ಎರಡನೆಯದು ಕರೆಯಲ್ಪಡುವುದು. ಯಂತ್ರಕ್ಕೆ ಆಡಲು ಬಾರದು. ಆದುದರಿಂದ ಅದು ಹೊಸ್ತಿಲಿನಿಂದಲೇ ಹಿಂದಿರುಗಿತು. ಆಡಲು ಬಲ್ಲವರು ಮಕ್ಕಳು. ಹೀಗಾಗಿ ಜಗತ್ತಿನ ದೊಡ್ಡ ಭಂಡಾರದಲ್ಲಿ ಇಲ್ಲದ್ದು ಯಾವನೋ ಒಬ್ಬ ಹುಡುಗನ ಹಳೆಯ ಕಂಪ್ಯೂಟರಿನಲ್ಲಿ ಇರುವ ಸಂಭವವುಂಟು.

ಇನ್ನು ಮನೆಯ ವಿಚಾರ. ನಮ್ಮ ಅಣ್ಣನವರು ಇಂಜಿನಿಯರಾಗಿ ೧೯೯೯ರಲ್ಲಿ ಅಮೆರಿಕದ ನ್ಯೂಜರ್ಸಿಗೆ ಹೋಗಿ, ೨೦೦೫ರಲ್ಲಿ ಸಂಸಾರಸಮೇತ ಮೈಸೂರಿಗೆ ಹಿಂದಿರುಗಿದರು. ಪಾತ್ರೆಪದಾರ್ಥಗಳೊಡನೆ ಅಲ್ಲಿಯ ಕಂಪ್ಯೂಟರೂ ಹಡಗಿನಲ್ಲಿ ಬಂದಿತು. ಅಲ್ಲಿಯ ವಿದ್ಯುತ್ತಿಗೂ ಇಲ್ಲಿಯ ವಿದ್ಯುತ್ತಿಗೂ ಹೊಂದದೆ, ಅಷ್ಟರೊಳಗೆ ಹೊಸದು ಬಂದು, ಅದು ಕೃಷ್ಣಮೂರ್ತಿಪುರದ ಮನೆಯ ಅಟ್ಟವನ್ನು ಸೇರಿತು. ಅಣ್ಣನವರು ತೀರಿಕೊಂಡು ಆರು ವರ್ಷವಾಯಿತು. ಅತ್ತಿಗೆಯವರು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುವರು. ಈ ವರ್ಷ ಆ ಮನೆಯನ್ನು ಕೆಡವಿ ಕಟ್ಟುವವರಿಗೆ ಒಪ್ಪಿಸುವ ಮಾತಾಯಿತು. ಸಾಮಾನು ವಿಂಗಡಿಸುವ ಭಾರವು ಊರಿನಲ್ಲೇ ಇದ್ದ ನಮ್ಮ ಮೇಲೆ ಬಿದ್ದಿತು. ಗುಜರಿಯವನು ತಕ್ಕಡಿ ಹಿಡಿದು ಬಾಗಿಲಲ್ಲಿ ಬಂದು ನಿಂತ ದಿನವೇ ಅಣ್ಣನ ಮಗನಿಂದ ಫೋನು ಬಂದಿತು.

“ಚಿಕ್ಕಪ್ಪ, ಅಟ್ಟದ ಮೇಲಿನ ಕಂಪ್ಯೂಟರನ್ನು ಮಾತ್ರ ಕೊಡಬೇಡಿ. ಅದನ್ನು ಹಚ್ಚಿ ನೋಡಲೂ ಬೇಡಿ. ಶನಿವಾರ ನಾನೇ ಬರುತ್ತೇನೆ.”

ಅವನಿಗೆ ಈಗ ೩೨ ವರ್ಷ. ತಾನು ಹತ್ತು ವರ್ಷದವನಾಗಿದ್ದಾಗ ಆಡುತ್ತಿದ್ದ ಒಂದು ಆಟವನ್ನು ಬಹುದಿನದಿಂದ ಹುಡುಕುತ್ತಿದ್ದನಂತೆ. ಅಮೆರಿಕದ ಒಂದು ಬೆಳಗಿನ ತಿಂಡಿಯ ಕಂಪೆನಿಯು ಮಾಡಿಸಿದ್ದು. ಹಾಲಿನ ಹೊಳೆಯಲ್ಲಿ ಚಮಚದ ದೋಣಿಯನ್ನು ನಡೆಸುವ ಆಟ. ತಿಂಡಿಯೇ ಈಗ ಮಾರಾಟದಲ್ಲಿಲ್ಲ. ಆಟದ ಹೆಸರನ್ನು ಬಲ್ಲವರು ಲೋಕದಲ್ಲಿ ಅಲ್ಲಲ್ಲಿ ನಾಲ್ಕಾರು ಮಂದಿ ಸಿಕ್ಕಿದರೇ ಹೊರತು ಆಟವು ಎಲ್ಲಿಯೂ ಸಿಕ್ಕಿರಲಿಲ್ಲ. ಅತ್ತಿಗೆಯವರೂ ಅವನ ಸಂಗಡ ಬಂದರು. ಅವರಿಗೆ ಬೇಕಾಗಿದ್ದುದು ಬೇರೆ. ಆ ಕಂಪ್ಯೂಟರಿನಲ್ಲಿ ಅಣ್ಣನವರು ಬರೆದಿಟ್ಟ ಕಾಗದಗಳಿದ್ದುವು.

ಅವನು ಕೆಲಸ ಮಾಡಿದ ಕ್ರಮವನ್ನು ನಾವು ಪಕ್ಕದಲ್ಲಿ ಕುಳಿತು ನೋಡಿದೆವು, ಕೇಳಿ ತಿಳಿದುಕೊಂಡೆವು. ವಾಚಕರ ಮನೆಗಳಲ್ಲಿಯೂ ಇಂಥ ಪೆಟ್ಟಿಗೆಗಳು ಇರಬಹುದಾದುದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುವೆವು.

ಹಾರ್ಡ್ ಡಿಸ್ಕೆಂಬುದು ಉಕ್ಕಿನ ಡಬ್ಬಿಯಂಥದು. ಅದರೊಳಗೆ ಕನ್ನಡಿಯಂತೆ ನುಣುಪಾದ ಬಿಲ್ಲೆಗಳು ತಿರುಗುವುವು. ಅವುಗಳ ಮೇಲಿನ ಅಯಸ್ಕಾಂತದ ಲೇಪದಲ್ಲಿ ಅಕ್ಷರಗಳು ಗುರುತಾಗಿ ಕೂರುವುವು. ಓದುವ ಮೊನೆಯು ಬಿಲ್ಲೆಯನ್ನು ಮುಟ್ಟದೆ, ಕೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಕಡಮೆ ಎತ್ತರದಲ್ಲಿ ತೇಲುವುದು. ಆದುದರಿಂದ ಡಬ್ಬಿಯನ್ನು ಬಿಚ್ಚಿ ನೋಡತಕ್ಕದ್ದಲ್ಲ. ಒಂದು ಧೂಳಿನ ಕಣ ಸಾಕು, ಮೊನೆಯು ತಗುಲಿ ಬರೆಹವೆಲ್ಲ ಕೆರೆದುಹೋಗುವುದು.

ಬ್ರೌಸರು ತಾನು ತಂದ ಪುಟ, ಚಿತ್ರ, ಆಟ ಎಲ್ಲದರ ಒಂದೊಂದು ನಕಲನ್ನು ಡಿಸ್ಕಿನಲ್ಲಿ ಗುಟ್ಟಾಗಿ ಇಟ್ಟುಕೊಳ್ಳುವುದು. ಮತ್ತೆ ಅದೇ ಪುಟ ಬೇಕಾದಾಗ ದೂರದಿಂದ ತರುವ ಶ್ರಮ ತಪ್ಪಲೆಂದು ಈ ಏರ್ಪಾಡು. ಆ ಕಾಲದ ವಿಂಡೋಸ್ ಕಂಪ್ಯೂಟರುಗಳಲ್ಲಿ ಇದಕ್ಕೆ ತಾತ್ಕಾಲಿಕ ಫೈಲುಗಳ ಕೋಣೆಯೊಂದಿದ್ದು, ಅದರೊಳಗೆ ಅರ್ಥವಿಲ್ಲದ ಎಂಟೆಂಟು ಅಕ್ಷರಗಳ ಹೆಸರುಳ್ಳ ಗೂಡುಗಳಿರುತ್ತಿದ್ದುವು. ಜೊತೆಗೆ ಒಂದು ಲೆಕ್ಕದ ಪುಸ್ತಕ. ಯಾವ ಫೈಲು ಯಾವ ವಿಳಾಸದಿಂದ ಬಂದಿತು, ಯಾವ ದಿನ ಯಾವ ಹೊತ್ತಿನಲ್ಲಿ ಉಪಯೋಗವಾಯಿತು ಎಂಬುದನ್ನು ಅದು ಬರೆದಿಡುವುದು. ಜಾಗ ತುಂಬಿದಾಗ ಹಳೆಯ ನಕಲುಗಳನ್ನು ಬ್ರೌಸರೇ ಅಳಿಸುವುದು.

ಅಳಿಸುವುದೆಂದರೆ ನಾಶಮಾಡುವುದಲ್ಲ. ಪುಸ್ತಕಭಂಡಾರದ ಸೂಚಿಯಲ್ಲಿ ಗ್ರಂಥದ ಹೆಸರನ್ನು ಹೊಡೆದು, ಗ್ರಂಥವನ್ನು ಕಪಾಟಿನಲ್ಲೇ ಬಿಟ್ಟಂತೆ. ಆ ಜಾಗದಲ್ಲಿ ಬೇರೊಂದನ್ನು ಬರೆಯುವವರೆಗೂ ಹಳೆಯದು ಅಲ್ಲಿಯೇ ಇರುವುದು. ಆದುದರಿಂದಲೇ ನಮ್ಮ ಹುಡುಗನು ಕಂಪ್ಯೂಟರನ್ನು ಹಚ್ಚಬೇಡಿರೆಂದುದು. ಹಚ್ಚಿದೊಡನೆ ಯಂತ್ರವು ತನ್ನ ಪಾಡಿಗೆ ಏನನ್ನಾದರೂ ಬರೆಯಲು ತೊಡಗುವುದು. ಇಪ್ಪತ್ತು ವರ್ಷ ಯಾರೂ ಮುಟ್ಟದೆ ಇದ್ದುದೇ ಆ ಡಿಸ್ಕಿಗೆ ರಕ್ಷೆಯಾಯಿತು. ಈಗಿನ ಹೊಸ ಬಗೆಯ, ತಿರುಗುವ ಬಿಲ್ಲೆಗಳಿಲ್ಲದ ಡಿಸ್ಕುಗಳಲ್ಲಿ ಈ ಅನುಕೂಲವಿಲ್ಲ. ಅಳಿಸಿದ್ದನ್ನು ಅವು ಸಾಮಾನ್ಯವಾಗಿ ಬೇಗನೆ ಒರಸಿಬಿಡುವುವು.

ಅವನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡಿದ್ದ ಒಂದು ಸಣ್ಣ ಜೋಡಣೆಯಿಂದ, ಹಳೆಯ ೪೦ ಸೂಜಿಗಳ ಡಿಸ್ಕನ್ನು ತನ್ನ ಹೊಸ ಯಂತ್ರಕ್ಕೆ ಸೇರಿಸಿ, ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ತೆಗೆದನು. ಓದಲು ಬಂದ ಭಾಗಗಳನ್ನು ಮೊದಲು ತೆಗೆದುಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಮತ್ತೆ ಮತ್ತೆ ಬರುವ ಕ್ರಮ ಅದು. ಹುಳು ತಿಂದ ಓಲೆಯನ್ನು ಓದುವವರೂ ಹಾಗೆಯೇ ಮಾಡುವರಲ್ಲವೇ? ಅದಕ್ಕೆ ನಾಲ್ಕು ಗಂಟೆ ಹಿಡಿಯಿತು. ಆ ಮೇಲೆ ಮೂಲ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟು, ಪಡಿಯಚ್ಚಿನಲ್ಲಿಯೇ ಹುಡುಕಿದನು.

ಹುಡುಕುವ ಬಗೆ ನಮಗೆ ಬಹಳ ಹಿಡಿಸಿತು. ನಮ್ಮ ಲಿಪಿಕಾರರು ಓಲೆಯ ಮೊದಲಿಗೆ ಶ್ರೀಕಾರವನ್ನೋ ಗಣಪತಿಯ ನಮಸ್ಕಾರವನ್ನೋ ಬರೆಯುತ್ತಿದ್ದಂತೆ, ಆ ಕಾಲದ ಫ್ಲ್ಯಾಶ್ ಫೈಲುಗಳೆಲ್ಲವೂ ಎಫ್, ಡಬ್ಲ್ಯು, ಎಸ್ ಎಂಬ ಮೂರು ಅಕ್ಷರಗಳಿಂದಲೋ, ಒತ್ತಿ ಕಿರಿದುಮಾಡಿದ್ದಾದರೆ ಸಿ, ಡಬ್ಲ್ಯು, ಎಸ್ ಎಂಬುವುಗಳಿಂದಲೋ ಆರಂಭವಾಗುವುವು. ಅದರ ಮುಂದೆ ಒಂದು ಬೈಟಿನಲ್ಲಿ ಆವೃತ್ತಿಯ ಸಂಖ್ಯೆ; ಅದರ ಮುಂದಿನ ನಾಲ್ಕು ಬೈಟುಗಳಲ್ಲಿ ಫೈಲಿನ ಉದ್ದ. ಲಿಪಿಕಾರರು ೩೨ ಅಕ್ಷರಗಳಿಗೆ ಒಂದು ಗ್ರಂಥವೆಂದು ಲೆಕ್ಕಹಾಕಿ ಕೃತಿಯ ಪರಿಮಾಣವನ್ನು ನಮೂದಿಸುತ್ತಿದ್ದುದು ಇದಕ್ಕಾಗಿಯೇ ಅಲ್ಲವೇ? ಎಲ್ಲಿಂದ ಎಲ್ಲಿಯವರೆಗೆ ಒಂದು ಕೃತಿ ಎಂಬುದು ತಿಳಿದರೆ, ಸೂಚಿಯಿಂದ ಹೆಸರು ಅಳಿದುಹೋಗಿದ್ದರೂ ಕತ್ತರಿಸಿ ತೆಗೆಯಬಹುದು. ಫೈಲು ಒಂದೇ ಕಡೆ ಅಖಂಡವಾಗಿದ್ದರೆ ಕೆಲಸ ಸುಲಭ. ಚೂರುಚೂರಾಗಿ ಚೆದರಿದ್ದರೆ ಬಹಳ ಕಷ್ಟ.

ಸಂಜೆಯ ಹೊತ್ತಿಗೆ ಚಮಚದ ದೋಣಿ ಸಿಕ್ಕಿತು. ಆಟಕ್ಕೆ ಒಂದು ಮುಖಪುಟ, ಒಂದು ನಕ್ಷೆ. ನಕ್ಷೆಯಲ್ಲಿ ಐದು ಹಂತಗಳಿದ್ದುವು. ಮೊದಲಿನ ಎರಡು ಹಂತಗಳು ತಾತ್ಕಾಲಿಕ ಫೈಲುಗಳ ಗೂಡಿನಲ್ಲಿಯೇ ದೊರೆತುವು. ಎರಡನೆಯದರ ಕೊನೆಯಲ್ಲಿ ಒಂದು ಹಾಲಿನ ಜಲಪಾತ.

“ಇದನ್ನು ನಾನು ಒಂದು ದಿನವೂ ದಾಟಲಿಲ್ಲ, ಚಿಕ್ಕಪ್ಪ. ದೋಣಿ ಮಗುಚಿಹೋಗುತ್ತಿತ್ತು,” ಎಂದನು. ಹಾಗಿದ್ದಮೇಲೆ ಮೂರನೆಯ ಹಂತವು ಆ ಕಂಪ್ಯೂಟರಿಗೆ ಬಂದಿರಲು ಕಾರಣವಿಲ್ಲ. ಆದರೆ ಮೂರನೆಯದೂ ಅಲ್ಲಿ ಇದ್ದಿತು.

ಅವನು ಲೆಕ್ಕದ ಪುಸ್ತಕವನ್ನು ತೆಗೆದು ನೋಡಿ, ಅದರಲ್ಲಿದ್ದ ಹೊತ್ತನ್ನು ನ್ಯೂಜರ್ಸಿಯ ಕಾಲಮಾನಕ್ಕೆ ತಿರುಗಿಸಿ ಗುಣಿಸಿದನು. ೨೦೦೩ರ ನವೆಂಬರ್ ತಿಂಗಳು, ಬುಧವಾರ, ರಾತ್ರಿ ೧೧ ಗಂಟೆ ೪೦ ನಿಮಿಷ. ಮರುದಿನ ಶಾಲೆಯಿದ್ದ ಹತ್ತು ವರ್ಷದ ಹುಡುಗನು ಆ ಹೊತ್ತಿನಲ್ಲಿ ಎಚ್ಚರವಾಗಿರುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ನಮ್ಮ ಅಣ್ಣನವರು ಆಟವೆಂದರೆ ಗಂಟಿಕ್ಕಿದ ಹುಬ್ಬಿನಿಂದ ನೋಡುತ್ತಿದ್ದವರು; ಮಗನಿಗೆ ದಿನಕ್ಕೆ ಅರ್ಧ ಗಂಟೆ ಎಂದು ಗಡಿಯಾರವಿಟ್ಟು ಆಡಗೊಡುತ್ತಿದ್ದರು. ನಾವಿಬ್ಬರೂ ಒಂದು ಗಳಿಗೆ ಮಾತಾಡಲಿಲ್ಲ. ಅತ್ತಿಗೆಯವರು ಮಾತ್ರ ತೆರೆಯ ಮೇಲಿನ ದೋಣಿಯನ್ನೇ ನೋಡುತ್ತ ಹೇಳಿದರು:

“ಅವರೇ ಇರಬೇಕು. ಮಗು ಮಲಗಿದ ಮೇಲೆ, ಇದೊಂದು ಕಾಗದ ಬರೆದು ಮುಗಿಸಿ ಬರುತ್ತೇನೆ ಅನ್ನುತ್ತಿದ್ದರು. ಎಷ್ಟು ಕಾಗದ ಬರೆಯುತ್ತಾರಪ್ಪ ಇವರು ಅಂದುಕೊಳ್ಳುತ್ತಿದ್ದೆ.”

ಹುಡುಗನು ನಕ್ಕನು, ಸ್ವಲ್ಪ ಹೊತ್ತಿನ ಮೇಲೆ ಎದ್ದು ಹಿತ್ತಿಲ ಕಡೆಗೆ ಹೋಗಿ ಬಂದನು. ನಾಲ್ಕನೆಯ, ಐದನೆಯ ಹಂತಗಳು ಸಿಕ್ಕಲಿಲ್ಲ. ಅಣ್ಣನವರು ಮೂರನೆಯದನ್ನು ಗೆಲ್ಲಲಿಲ್ಲವೆಂದು ತೋರುವುದು. ಕಾಗದಗಳೂ ಸಿಕ್ಕಿದುವು. ಅವುಗಳನ್ನು ಮಗನು ತೆರೆಯಲಿಲ್ಲ, ನಾವೂ ತೆರೆಯಲಿಲ್ಲ. ಹಾಗೆಯೇ ಪೆನ್ ಡ್ರೈವೊಂದಕ್ಕೆ ತುಂಬಿ ಅತ್ತಿಗೆಯವರ ಕೈಗೆ ಕೊಟ್ಟನು.

ಈ ಸಂಗತಿಯನ್ನು ಮಿತ್ರರ ಗೋಷ್ಠಿಯಲ್ಲಿ ಹೇಳಿದಾಗ ಒಬ್ಬ ಹಿರಿಯರು ಒಂದು ಆಕ್ಷೇಪವನ್ನು ತಂದರು. ಅದು ಉಪೇಕ್ಷಿಸತಕ್ಕದ್ದಲ್ಲ. “ಮಗುವಿನ ನಾಲಗೆಗೆ ಬೆಲ್ಲ ಸವರಿ ಔಷಧ ಕುಡಿಸುವುದು ಗುಡಜಿಹ್ವಿಕಾನ್ಯಾಯ. ಇಲ್ಲಿ ಬೆಲ್ಲ ಸವರಿ ಬೆಲ್ಲವನ್ನೇ ಮಾರಿದರು. ಮಕ್ಕಳ ಮನಸ್ಸಿಗೆ ಹಾಕಿದ ಗಾಳವನ್ನು ಕಾಪಾಡಿ ಯಾರಿಗೆ ಏನು ಪುಣ್ಯ?” ಎಂದರು.

ಗಾಳವೆಂಬುದು ನಿಜ. ಅಮೆರಿಕದ ಕೈಸರ್ ಫ್ಯಾಮಿಲಿ ಫೌಂಡೇಶನ್ ಎಂಬ ಸಂಸ್ಥೆಯವರು ೨೦೦೬ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಮಕ್ಕಳಿಗೆ ತಿಂಡಿ ಮಾರುವ ೭೭ ತಾಣಗಳನ್ನು ನೋಡಿ, ೧೦೦ಕ್ಕೆ ೭೩ರಲ್ಲಿ ಇಂಥ ಆಟಗಳಿರುವುದನ್ನೂ, ತಿಂಡಿಯ ಹೆಸರು ಹೊತ್ತ ಆಟಗಳು ಒಟ್ಟು ೫೪೬ ಇರುವುದನ್ನೂ ಲೆಕ್ಕಕೊಟ್ಟಿರುವರು. ಟೆಲಿವಿಷನ್ನಿನ ಜಾಹೀರಾತು ಅರ್ಧ ನಿಮಿಷದಲ್ಲಿ ಮುಗಿಯುವುದು. ಆಟವಾದರೋ ಮಗುವನ್ನು ಬಹುಹೊತ್ತು ಹಿಡಿದು ಕೂರಿಸುವುದು. ಮಗುವಿಗೆ ಇದು ಆಟ, ಇದು ವ್ಯಾಪಾರ ಎಂಬ ಭೇದ ತಿಳಿಯದು. ಶಾಲೆಯಲ್ಲಿ ಮೂರು ದಶಕ ಕಳೆದ ನಾವು ಈ ಬಗೆಯ ವ್ಯಾಪಾರವನ್ನು ಎಂದಿಗೂ ಹೊಗಳಲಾರೆವು.

ಆದರೂ ಕಾಪಾಡಬೇಕೆಂಬುದೇ ನಮ್ಮ ಪಕ್ಷ. ಅದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ನ್ಯಾಯದ ಮಾತು. ಲೋಕಾಯತರ ಮತವನ್ನು ನಮ್ಮ ದರ್ಶನಕಾರರೆಲ್ಲ ಖಂಡಿಸಿರುವರು. ೧೪ನೆಯ ಶತಮಾನದ ಸರ್ವದರ್ಶನಸಂಗ್ರಹವು ಅದರಿಂದಲೇ ಆರಂಭವಾಗುವುದು. ಆದರೆ ಬೃಹಸ್ಪತಿಯದೆಂದು ಹೇಳುವ ಅವರ ಮೂಲಸೂತ್ರಗಳು ಇಡಿಯಾಗಿ ನಮ್ಮ ಕೈಗೆ ಬಂದಿಲ್ಲ; ಎದುರಾಳಿಗಳು ಎತ್ತಿ ಹೇಳಿದ ತುಣುಕುಗಳಿಂದಲೇ ಬಹುಮಟ್ಟಿಗೆ ಅವರನ್ನು ಊಹಿಸಬೇಕಾಗಿದೆ. ಅವರು ಹೇಳಿದ್ದು ನಿಜವಾಗಿ ಅಷ್ಟೇಯೋ, ಇನ್ನೂ ಏನಾದರೂ ಇತ್ತೋ, ಈಗ ನಿರ್ಣಯಿಸುವವರಾರು? ಜಾಹೀರಾತಿನ ಆಟಗಳ ಗತಿಯೂ ಹಾಗಾಗಬಾರದು. ಆಟಗಳೆಲ್ಲ ಅಳಿದು, ಅವುಗಳನ್ನು ದೂಷಿಸಿದ ವರದಿಗಳು ಮಾತ್ರ ಉಳಿದರೆ, ನೂರು ವರ್ಷದ ಮೇಲಿನವರಿಗೆ ದೂಷಣೆಯು ಸರಿಯೇ ಎಂದು ಪರೀಕ್ಷಿಸಲು ಸಾಧನವಿರದು. ಅಪರಾಧಿಯೆಂದರೂ ಅವನನ್ನು ನ್ಯಾಯಸ್ಥಾನಕ್ಕೆ ಕರೆತರಬೇಕಲ್ಲವೇ?

ಎರಡನೆಯದು ಇನ್ನೂ ಮುಖ್ಯವಾದುದು. ಮೀಮಾಂಸಕರು ವೇದದಲ್ಲಿ ವಿಧಿವಾಕ್ಯ ಬೇರೆ, ಅರ್ಥವಾದ ಬೇರೆ ಎಂದು ವಿಂಗಡಿಸುವರು. ಇಂಥದನ್ನು ಮಾಡು ಎಂಬುದು ವಿಧಿ. ಅದನ್ನು ಮಾಡಲು ಮನಸ್ಸು ಬರುವಂತೆ ಹೊಗಳುವ ಕಥೆಗಳು ಅರ್ಥವಾದ. ಲೋಕದ ಭಾಷೆಯಲ್ಲಿ ಹೇಳುವುದಾದರೆ ಅದು ಕರ್ಮದ ಜಾಹೀರಾತು. ಐತರೇಯ ಬ್ರಾಹ್ಮಣದ ಶುನಃಶೇಪನ ಆಖ್ಯಾನವು ರಾಜಸೂಯದಲ್ಲಿ ಅಭಿಷಿಕ್ತನಾದ ರಾಜನಿಗೆ ಹೇಳತಕ್ಕ ಕಥೆ. ರಾಜಸೂಯ ಮಾಡುವ ರಾಜರು ಈಗ ಎಲ್ಲಿರುವರು? ಕರ್ಮವು ಹೋಯಿತು, ಕಂಬಕ್ಕೆ ಕಟ್ಟಿಸಿಕೊಂಡ ಹುಡುಗನ ಕಥೆ ಮಾತ್ರ ಉಳಿದು ಇಂದಿಗೂ ಕೇಳಿದವರ ಕಣ್ಣನ್ನು ತೇವಗೊಳಿಸುವುದು. ಯಾವ ಪ್ರಯೋಜನಕ್ಕಾಗಿ ಒಂದು ವಸ್ತು ಹುಟ್ಟಿತೋ ಆ ಪ್ರಯೋಜನದೊಡನೆಯೇ ಅದು ಸಾಯಬೇಕೆಂಬ ನಿಯಮವಿಲ್ಲ. ವೇದವನ್ನೂ ತಿಂಡಿಯ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವೆವೆಂದು ಯಾರೂ ಕೋಪಿಸಬಾರದು. ಹೋಲಿಕೆಯು ಧರ್ಮದಲ್ಲೇ ಹೊರತು ಗೌರವದಲ್ಲಿ ಅಲ್ಲ. ತಿಂಡಿಯು ಅಂಗಡಿಯಿಂದ ಮರೆಯಾಯಿತು, ಅದನ್ನು ಮಾರುವ ಉದ್ದೇಶವೂ ಸತ್ತಿತು. ಈಗ ಆ ಆಟದಲ್ಲಿ ಉಳಿದಿರುವುದು ಒಬ್ಬ ಚಿತ್ರಕಾರನ ಕೈಗೆಲಸ, ಒಬ್ಬ ಹುಡುಗನ ಸೋಲು, ಒಬ್ಬ ತಂದೆಯ ಒಂದು ರಾತ್ರಿ.

ಹೀಗೆ ಹುಡುಕಿ ತೆಗೆದುದನ್ನು ಕೂಡಿಸಿಡುವ ಸ್ಥಳಗಳೂ ಈಗ ಇರುವುವು. ೨೦೧೭-೧೮ರ ಸಂಧಿಕಾಲದಲ್ಲಿ ಆಸ್ಟ್ರೇಲಿಯದ ತರುಣನೊಬ್ಬನು ತೊಡಗಿಸಿದ ಫ್ಲ್ಯಾಶ್‌ಪಾಯಿಂಟ್ ಎಂಬ ಭಂಡಾರದಲ್ಲಿ, ಸಂಬಳವಿಲ್ಲದ ಸ್ವಯಂಸೇವಕರು ಒಂದೂವರೆ ಲಕ್ಷಕ್ಕೂ ಮಿಕ್ಕ ಆಟಗಳನ್ನೂ ಚಲಿಸುವ ಚಿತ್ರಗಳನ್ನೂ ಸೇರಿಸಿರುವರು. ತನ್ನ ಹಳೆಯ ತಾಣದಲ್ಲಿದ್ದರೆ ಮಾತ್ರ ನಡೆಯುವೆನೆಂದು ಹಟ ಹಿಡಿಯುವ ಆಟಗಳು ಕೆಲವುಂಟು; ಅವುಗಳಿಗೆ ಹಳೆಯ ವಿಳಾಸವೇ ಇನ್ನೂ ಇದೆಯೆಂದು ನಂಬಿಸಿ ಆಡಿಸುವ ಉಪಾಯವನ್ನು ಮಾಡಿರುವರು. ಲೆಕ್ಕದ ಪುಸ್ತಕದಲ್ಲಿರುವ ವಿಳಾಸಕ್ಕೆ ಫೈಲಿನಷ್ಟೇ ಬೆಲೆಯಿರುವುದು ಇದರಿಂದಲೇ. ಇಂಟರ್‌ನೆಟ್ ಆರ್ಕೈವಿನವರೂ ೨೦೨೦ರ ನವೆಂಬರಿನಿಂದ ರಫಲ್ ಎಂಬ ಹೊಸ ಸಾಧನದ ಸಹಾಯದಿಂದ ಹಳೆಯ ಫ್ಲ್ಯಾಶ್ ಕೃತಿಗಳನ್ನು ನಡೆಸಿ ತೋರಿಸುತ್ತಿರುವರು.

ಒಂದೇ ಆಟದ ಹಲವು ಪ್ರತಿಗಳು ಬಂದರೂ ಅಲ್ಲಿ ಬೇಸರವಿಲ್ಲ. ಪಾಠಾಂತರಗಳ ಬೆಲೆಯನ್ನು ಅವರು ಬಲ್ಲರು. ಬಯೋನಿಕಲ್ ಕಥೆಯಲ್ಲಿ ನ್ಯೂಜಿಲೆಂಡಿನ ಮಾವೊರಿ ಜನರ ಪವಿತ್ರ ಶಬ್ದಗಳನ್ನು ಬಳಸಿದುದಕ್ಕೆ ಆ ಜನರು ೨೦೦೧ರಲ್ಲಿ ಆಕ್ಷೇಪಿಸಿದರು. ಕಂಪೆನಿಯವರು ಒಪ್ಪಿ ಕೆಲವು ಹೆಸರುಗಳನ್ನು ಬದಲಿಸಿದರು. ದ್ವೀಪದ ಜನರಿಗೆ ಇಟ್ಟಿದ್ದ ‘ತೊಹುಂಗ’ ಎಂಬ ಹೆಸರು ಹೋಗಿ ‘ಮತೋರನ್’ ಎಂದಾಯಿತು. ಬದಲಿಸಿದ್ದು ಸರಿಯಾದ ಕಾರ್ಯ. ಆದರೆ ಬದಲಾಯಿತು ಎಂಬುದಕ್ಕೆ ಸಾಕ್ಷಿಯಾಗಿ ಮೊದಲಿನ ಪ್ರತಿಗಳೂ ಬೇಕು. ಪುಣೆಯ ಭಂಡಾರ್ಕರ್ ಸಂಸ್ಥೆಯವರು ಮಹಾಭಾರತದ ಪರಿಷ್ಕರಣಕ್ಕಾಗಿ ೧೯೧೯ರಿಂದ ೧೯೬೬ರವರೆಗ�� ೧,೨೫೯ ಹಸ್ತಪ್ರತಿಗಳನ್ನು ನೋಡಿದರಲ್ಲಾ, ಅವುಗಳಲ್ಲಿ ಪೂರ್ಣವಾದವು ಎಷ್ಟಿದ್ದಾವು? ಒಬ್ಬರ ಮನೆಯಲ್ಲಿ ಆದಿಪರ್ವ, ಇನ್ನೊಬ್ಬರ ಮನೆಯಲ್ಲಿ ವಿರಾಟಪರ್ವ. ನಮ್ಮ ಹುಡುಗನು ತನಗೆ ಸಿಕ್ಕಿದ ಮೂರು ಹಂತಗಳನ್ನು ವಿಳಾಸಸಮೇತ ಅಂಥ ಸಂಗ್ರಹಕಾರರಿಗೆ ಕಳುಹಿಸಿರುವನು. ಉಳಿದ ಎರಡು ಭೂಮಿಯ ಯಾವ ಅಟ್ಟದ ಮೇಲೆ ಇರುವುವೋ, ನಮ್ಮ ಅಣ್ಣನವರಿಗಿಂತ ಚುರುಕಾದ ಯಾವ ಮಗುವಿನ ಡಿಸ್ಕಿನಲ್ಲಿ ಇರುವುವೋ!

ಮನೆಯೊಡತಿಯರಿಗೂ ಯಜಮಾನರಿಗೂ ಕೊನೆಯದಾಗಿ ಕೆಲವು ಮಾತು. ೨೦೧೦ಕ್ಕೆ ಹಿಂದಿನ ಕಂಪ್ಯೂಟರು ಮನೆಯಲ್ಲಿದ್ದರೆ, ತೂಕಕ್ಕೆ ಹಾಕುವ ಮೊದಲು ಡಿಸ್ಕನ್ನು ಬಿಚ್ಚಿಸಿ ಇಟ್ಟುಕೊಳ್ಳಿರಿ. ತೇವವಿಲ್ಲದ ಸ್ಥಳದಲ್ಲಿ, ಬೀಳದಂತೆ, ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಮೇಲೆ ಯಾರದು, ಯಾವ ವರ್ಷದ್ದು ಎಂದು ಬರೆಯಿರಿ. ಟಕಟಕನೆ ಶಬ್ದಮಾಡುವ ಡಿಸ್ಕನ್ನು ಮತ್ತೆ ಮತ್ತೆ ಹಚ್ಚಬೇಡಿರಿ. ಮಕ್ಕಳು ದೊಡ್ಡವರಾಗಿದ್ದರೆ ಅವರನ್ನು ಕೇಳಿರಿ. ಅದರೊಳಗೆ ಏನಿರಬಹುದೆಂಬುದನ್ನು ನಿಮಗಿಂತ ಅವರು ಬಲ್ಲರು. ಆದರೆ ಅಪರಿಚಿತರು ಎಷ್ಟೇ ವಿನಯದಿಂದ ಕೇಳಿದರೂ ಇಡೀ ಡಿಸ್ಕನ್ನು ಅವರ ಕೈಗೆ ಒಪ್ಪಿಸಬೇಡಿರಿ. ಆಟವಿರುವ ಡಿಸ್ಕಿನಲ್ಲಿಯೇ ಬ್ಯಾಂಕಿನ ಲೆಕ್ಕವೂ, ಗುಪ್ತಪದಗಳೂ, ಗಂಡಹೆಂಡಿರ ಕಾಗದಗಳೂ ಇರುವುವು. ಆಟದ ಫೈಲುಗಳನ್ನಷ್ಟೇ ನಿಮ್ಮವರೊಬ್ಬರಿಂದ ತೆಗೆಸಿ ಕೊಡಬಹುದು. ಉಳಿದುದು ಮನೆಯ ಸೊತ್ತು. ಎಲ್ಲ ಮುಗಿದ ಮೇಲೆ ಡಿಸ್ಕು ಬೇಡವಾದರೆ ಪೂರ್ತಿ ಒರಸಿಸಿ, ವಿದ್ಯುನ್ಮಾನ ಕಸವನ್ನು ತೆಗೆದುಕೊಳ್ಳಲು ಸರಕಾರದ ಅನುಮತಿ ಪಡೆದವರಿಗೆ ಕೊಡಿರಿ. ೨೦೨೩ರ ಏಪ್ರಿಲ್ ೧ರಿಂದ ಇದಕ್ಕೆ ಹೊಸ ನಿಯಮಗಳೇ ಜಾರಿಯಲ್ಲಿರುವುವು.

ಪಂಡಿತರು ಗ್ರಂಥವನ್ನು ಗುರುತಿಸುವರು. ಗೃಹಸ್ಥರು ಅದನ್ನು ಉಳಿಸುವರು. ಎರಡನೆಯ ಕೆಲಸಕ್ಕೆ ವಿದ್ಯೆ ಬೇಡ, ಹಣ ಬೇಡ. ಕೊಡುವ ಮೊದಲು ಒಮ್ಮೆ ತಿರುಗಿ ನೋಡುವ ತಾಳ್ಮೆ ಇದ್ದರೆ ಸಾಕು. ಆ ತಾಳ್ಮೆಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಉಂಟು. ಮುಂದೆಯೂ ಇರಲೆಂದು ಹಾರೈಸುವೆವು.